ಕೆಲಸ ಬಿಟ್ಟು ಹೋದವರ ಹೆಸರಲ್ಲಿ ಒಂದು ಲಾಗಿನ್

ನಮ್ಮ ಆಫೀಸಿಗೆ ಹೊಸ ಕಂಪ್ಯೂಟರ್ ಬಂದರೆ ಮೊದಲು ಕುಂಕುಮ ಹಚ್ಚುತ್ತಾರೆ. ಆಮೇಲೆ, ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟು ಹೋದ ಒಬ್ಬ ಸರ್ ಹೆಸರಲ್ಲಿ ಅದರಲ್ಲೊಂದು ಲಾಗಿನ್ ಮಾಡುತ್ತಾರೆ. ಸೇರಿದ ಹೊಸದರಲ್ಲಿ ನಾನು ಇದು ಗೌರವಕ್ಕೆ ಮಾಡುವ ಪದ್ಧತಿ ಇರಬೇಕು ಅಂದುಕೊಂಡಿದ್ದೆ. ಸಿಸ್ಟಮ್ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ. "ಅದು ಇರಲಿಲ್ಲ ಅಂದ್ರ ಸ್ಟಾಕ್ ರಿಪೋರ್ಟ್ ಬರಂಗಿಲ್ರೀ ಅಕ್ಕಾರ" ಅಂದ.

ಹುಬ್ಬಳ್ಳಿಯಲ್ಲಿ ನಮ್ಮದು ಪಂಪ್‌ಸೆಟ್ ಸ್ಪೇರ್ ಪಾರ್ಟ್ಸ್ ಹೋಲ್‌ಸೇಲ್ ವ್ಯಾಪಾರ. ಬ್ರಾಂಚುಗಳಿಂದ ದಿನಾ ಸಂಜೆ ಎಕ್ಸೆಲ್ ಶೀಟ್ ಬರುತ್ತವೆ. ಅವನ್ನೆಲ್ಲ ಒಂದು ಮಾಡಿ ರಿಪೋರ್ಟ್ ತೆಗೆಯುವ ಸ್ಕ್ರಿಪ್ಟನ್ನು, ಅಂದರೆ ಸಣ್ಣ ಪ್ರೋಗ್ರಾಮನ್ನು, ಆ ಸರ್ ಬರೆದಿಟ್ಟು ಹೋಗಿದ್ದರು. ಒಳ್ಳೆಯ ಸ್ಕ್ರಿಪ್ಟ್, ಸುಳ್ಳು ಹೇಳಬಾರದು. ಅರ್ಧ ದಿನದ ಕೆಲಸವನ್ನು ಎರಡು ನಿಮಿಷಕ್ಕೆ ತಂದಿದ್ದರು. ಆದರೆ ಅದರ ಒಳಗೆ ಹನ್ನೊಂದು ಕಡೆ ಒಂದೇ ದಾರಿ ಬರೆದಿತ್ತು: ಸಿ ಡ್ರೈವ್, ಯೂಸರ್ಸ್, ಅವರ ಹೆಸರು, ಡೆಸ್ಕ್‌ಟಾಪ್, 'ನ್ಯೂ ಫೋಲ್ಡರ್ 2', 'ಫೈನಲ್'. ಹೀಗಾಗಿ ರಿಪೋರ್ಟ್ ಬೇಕಾದವರು ಅವರ ಹೆಸರಿನಲ್ಲೇ ಲಾಗಿನ್ ಆಗಬೇಕು. ಅವರ ಡೆಸ್ಕ್‌ಟಾಪ್ ಮೇಲೆ 'ನ್ಯೂ ಫೋಲ್ಡರ್ 2' ಇರಬೇಕು. ಒಂದನೆಯದು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿಲ್ಲ.

ಇದಕ್ಕೆ ಹಾರ್ಡ್‌ಕೋಡ್ ಮಾಡುವುದು ಅನ್ನುತ್ತಾರೆ. ಫೈಲ್ ಎಲ್ಲಿದೆ ಅನ್ನುವುದನ್ನು ಸ್ಕ್ರಿಪ್ಟ್ ಒಳಗೇ ಕಲ್ಲಿನಲ್ಲಿ ಕೆತ್ತಿದ ಹಾಗೆ ಬರೆದುಬಿಡುವುದು. ಅವರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಾನೂ ಇದೇ ತಪ್ಪು ಮಾಡಿದ್ದೇನೆ, ಅವರಿಗಿಂತ ಜಾಸ್ತಿ ಕೆಟ್ಟದಾಗಿ.

ಅವರ ಸ್ಕ್ರಿಪ್ಟ್ ನೋಡಿಯೇ ನಾನು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತೆ. ಕಲಿತ ಹುರುಪಿನಲ್ಲಿ ಕೊಟೇಶನ್ ತಯಾರಿಸುವ ಒಂದು ಸ್ಕ್ರಿಪ್ಟ್ ಬರೆದೆ. ರೇಟ್ ಲಿಸ್ಟ್ ನನ್ನ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿತ್ತು. ಅದರ ಪೂರ್ತಿ ಪಾತ್, ಅಂದರೆ ಫೈಲಿಗೆ ಹೋಗುವ ದಾರಿ, ನನ್ನ ಹೆಸರಿನ ಸಮೇತ, ಕಾಪಿ ಮಾಡಿ ಅಂಟಿಸಿದೆ. ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ದಿನ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಒಂದೇ ನೆಟ್‌ವರ್ಕಿಗೆ ಸೇರಿಸಿದರು. ಎಲ್ಲರ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ಇಂಥ ನೆಟ್‌ವರ್ಕಿಗೆ ಡೊಮೇನ್ ಅನ್ನುತ್ತಾರೆ. ಅದರ ಲಾಗಿನ್‌ನಿಂದ ಒಳಗೆ ಹೋದಾಗ ವಿಂಡೋಸ್ ನಿಮಗೆ ಹೊಸ ಪ್ರೊಫೈಲ್, ಅಂದರೆ ನಿಮ್ಮದೇ ಒಂದು ಹೊಸ ಫೋಲ್ಡರ್ ಕೊಡುತ್ತದೆ. ಹಳೆಯ ಹೆಸರಿನ ಫೋಲ್ಡರ್ ಆಗಲೇ ಇದ್ದರೆ, ಅದೇ ಹೆಸರಿಗೆ ಒಂದು ಚುಕ್ಕಿ, ಚುಕ್ಕಿಯ ಮುಂದೆ ನೆಟ್‌ವರ್ಕಿನ ಹೆಸರು ಸೇರಿಸಿ ಇನ್ನೊಂದು ಫೋಲ್ಡರ್ ಮಾಡುತ್ತದೆ. ಹಳೆಯದು ಅಲ್ಲೇ ಬಿದ್ದಿರುತ್ತದೆ.

ನನ್ನ ಫೈಲುಗಳು ಹೊಸ ಫೋಲ್ಡರಿಗೆ ಕಾಪಿ ಆದವು. ಹೊಸ ರೇಟುಗಳನ್ನು ನಾನು ಅಲ್ಲಿ ತುಂಬುತ್ತಾ ಹೋದೆ. ಸ್ಕ್ರಿಪ್ಟ್ ಮಾತ್ರ ಹಳೆ ಫೋಲ್ಡರಿನ ಹಳೆ ಲಿಸ್ಟನ್ನೇ ಓದುತ್ತಿತ್ತು. ಎರರ್ ಬರಲಿಲ್ಲ. ಯಾಕೆ ಬರುತ್ತದೆ? ಫೈಲ್ ಇತ್ತಲ್ಲ! ಸುಮಾರು ಮೂರು ವಾರ ಗಿರಾಕಿಗಳಿಗೆ ಹಳೇ ರೇಟಿನಲ್ಲಿ ಕೊಟೇಶನ್ ಹೋಯಿತು. ಗದಗಿನ ಒಬ್ಬ ಡೀಲರ್ ಫೋನ್ ಮಾಡಿ, "ಏನ್ರೀ ಮೇಡಂ, ಎಲ್ಲಾರೂ ರೇಟ್ ಏರಿಸ್ಯಾರ, ನೀವೊಬ್ರ ಹಂಗ ಇಟ್ಟೀರಲ್ಲ" ಅಂತ ಹೊಗಳಿದಾಗ ನನಗೆ ಎದೆ ಧಸಕ್ಕೆಂದಿತು.

ಆ ದಿನದಿಂದ ನನ್ನ ತಲೆಯಲ್ಲಿ ಒಂದು ಮಾತು ಕೂತಿದೆ. ಪಾತ್ ಸಿಗದೆ ಸ್ಕ್ರಿಪ್ಟ್ ನಿಂತರೆ ಅದು ಪುಣ್ಯ. ತಪ್ಪು ಪಾತ್ ಸಿಕ್ಕಿ ಸುಮ್ನೆ ಓಡುತ್ತಾ ಇದ್ದರೆ ಅದು ಹೆದರಬೇಕಾದ ವಿಷಯ.

ಈ ತೊಂದರೆಗೆ ಮದ್ದು ಬಹಳ ಹಳೆಯದು. ಅದು ಕನ್ನಡದಲ್ಲೇ ಇದೆ ಅನ್ನಿಸುತ್ತದೆ ನನಗೆ. 'ನಮ್ಮನೆ' ಅನ್ನುವ ಪದ ನೋಡಿ. ನಾನು "ನಮ್ಮನೇಲಿ ಇಟ್ಟಿದೀನಿ" ಅಂದರೆ ಒಂದು ಮನೆ, ನೀವು ಅಂದರೆ ಇನ್ನೊಂದು ಮನೆ. ಪದ ಒಂದೇ, ಯಾರು ಹೇಳಿದರು ಅನ್ನುವುದರ ಮೇಲೆ ಜಾಗ ಬದಲಾಗುತ್ತದೆ. ಕಂಪ್ಯೂಟರಿನಲ್ಲೂ ಹಾಗೊಂದು ಪದ ಇದೆ, ಲಾಗಿನ್ ಆದವರ ಸ್ವಂತ ಫೋಲ್ಡರ್ ಅಂತ ಅದರ ಅರ್ಥ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದರ ಹೆಸರೇ 'ಹೋಮ್'. ವಿಂಡೋಸ್‌ನಲ್ಲಿ 'ಯೂಸರ್‌ಪ್ರೊಫೈಲ್', ಆಚೆ ಈಚೆ ಒಂದೊಂದು ಪರ್ಸೆಂಟ್ ಚಿಹ್ನೆ. ಪೈಥಾನ್‌ನಲ್ಲಾದರೆ ಪಾತ್‌ಲಿಬ್ ಅನ್ನುವ ಸಿದ್ಧ ಸಲಕರಣೆಯ ಒಳಗೆ 'ಪಾತ್ ಡಾಟ್ ಹೋಮ್' ಅಂತ ಕೇಳಿದರೆ ಸಾಕು. 3.5ನೇ ಆವೃತ್ತಿಯಿಂದ ಇದೆ, ಅಂದರೆ 2015ರಿಂದ. ನಾನು ಪೈಥಾನ್ ಕಲಿಯುವ ಹೊತ್ತಿಗೆ ಇದು ಹಳೆಯದಾಗಿತ್ತು. ಯಾರೂ ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ.

ಲಿನಕ್ಸ್‌ನವರು ಮನೆಗೆ ~ ಅನ್ನುವ ಅಲೆ ಗುರುತು ಹಾಕುತ್ತಾರೆ. ಇದರ ಹಿಂದಿನ ಕತೆ ನನಗೆ ಬಹಳ ಇಷ್ಟ. 1970ರ ದಶಕದಲ್ಲಿ ಎಡಿಎಂ-3ಎ ಅಂತ ಒಂದು ಟರ್ಮಿನಲ್ ಇತ್ತು, ದೂರದ ಕಂಪ್ಯೂಟರಿನ ಜೊತೆ ಮಾತಾಡಲು ಬಳಸುವ ಪರದೆ ಮತ್ತು ಕೀಬೋರ್ಡ್. ಅದರ ಕೀಬೋರ್ಡಿನಲ್ಲಿ ಈ ಅಲೆ ಗುರುತೂ 'ಹೋಮ್' ಅನ್ನುವ ಪದವೂ ಒಂದೇ ಕೀಲಿಯ ಮೇಲೆ ಅಚ್ಚಾಗಿದ್ದವು. ಅಷ್ಟೇ. ಆ ಕೀಬೋರ್ಡ್ ಮ್ಯೂಸಿಯಂ ಸೇರಿತು, ಗುರುತು ಉಳಿಯಿತು.

"ಫೋಲ್ಡರ್ ಎಲ್ಲಿಗೆ ಹೋಗುತ್ತದೆ ಬಿಡಿ, ಅದೇ ಕಂಪ್ಯೂಟರ್, ಅದೇ ಡ್ರೈವ್" ಅನ್ನುವವರಿದ್ದಾರೆ. ಹೋಗುತ್ತದೆ ಸ್ವಾಮಿ. ವಿಂಡೋಸ್ 2000 ಮತ್ತು ಎಕ್ಸ್‌ಪಿ ಕಾಲದಲ್ಲಿ ನಮ್ಮೆಲ್ಲರ ಫೋಲ್ಡರುಗಳು 'ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್' ಒಳಗಿದ್ದವು. ಜರ್ಮನ್ ಭಾಷೆಯ ಎಕ್ಸ್‌ಪಿಯಲ್ಲಿ ಅದಕ್ಕೆ ಜರ್ಮನ್ ಹೆಸರೇ ಇತ್ತು. 2007ರಲ್ಲಿ ವಿಸ್ತಾ ಬಂತು, ಎಲ್ಲರನ್ನೂ 'ಯೂಸರ್ಸ್' ಒಳಗೆ ಸಾಗಿಸಿತು. ಹಳೆ ಪ್ರೋಗ್ರಾಮುಗಳು ಕಂಗಾಲಾಗಬಾರದು ಅಂತ ಹಳೆ ಹೆಸರನ್ನು ಒಂದು ಕೈಮರದ ಹಾಗೆ ಅಲ್ಲೇ ನಿಲ್ಲಿಸಿದರು. ಇವತ್ತಿಗೂ ಅಡಗಿದ ಫೋಲ್ಡರುಗಳನ್ನೂ ವಿಂಡೋಸ್ ಬಚ್ಚಿಟ್ಟ ಸಿಸ್ಟಮ್ ಫೈಲುಗಳನ್ನೂ ತೋರಿಸು ಅಂದರೆ ಅದು ಕಾಣುತ್ತದೆ. ಕ್ಲಿಕ್ ಮಾಡಿದರೆ ಒಳಗೆ ಬಿಡುವುದಿಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಇದ್ದ ಹಾಗೆ. ಥಿಯೇಟರ್ ಹೋಗಿ ಎಷ್ಟೋ ಕಾಲವಾಯಿತು, ಬಸ್ಸಿನವರು ಇನ್ನೂ ಆ ಹೆಸರನ್ನೇ ಕೂಗುತ್ತಾರೆ.

ಈಗ ಒನ್‌ಡ್ರೈವ್ ಇದೆ. ಫೈಲುಗಳ ಪ್ರತಿಯನ್ನು ಇಂಟರ್ನೆಟ್ಟಿನಲ್ಲಿ ಇಡುವ ಮೈಕ್ರೋಸಾಫ್ಟ್ ಸೇವೆ ಅದು. ಬ್ಯಾಕಪ್ ಮಾಡಲೇ ಅಂತ ಒಂದು ದಿನ ಕೇಳುತ್ತದೆ. ನಾವು ಓದದೆ ಹೂಂ ಅನ್ನುತ್ತೇವೆ. ಅಲ್ಲಿಗೆ ಡೆಸ್ಕ್‌ಟಾಪ್ ಎದ್ದು ಒನ್‌ಡ್ರೈವ್ ಫೋಲ್ಡರಿನ ಒಳಗೆ ಹೋಗಿ ಕೂರುತ್ತದೆ. ಕಣ್ಣಿಗೆ ಎಲ್ಲ ಮೊದಲಿನಂತೆಯೇ, ಐಕಾನುಗಳು ಇದ್ದಲ್ಲೇ ಇವೆ. ಸ್ಕ್ರಿಪ್ಟಿಗೆ ಮಾತ್ರ ಮನೆ ಬೀಗ ಹಾಕಿದೆ.

ಹೆಸರಿನ ಕತೆ ಇನ್ನೂ ಮಜಾ. ಮೈಕ್ರೋಸಾಫ್ಟ್ ಅಕೌಂಟ್ ಕೊಟ್ಟು ವಿಂಡೋಸ್ ಶುರು ಮಾಡಿದರೆ, ನಿಮ್ಮ ಇಮೇಲ್ ಐಡಿಯ ಮೊದಲ ಐದು ಇಂಗ್ಲಿಷ್ ಅಕ್ಷರಗಳನ್ನು ತೆಗೆದುಕೊಂಡು ಅದೇ ಫೋಲ್ಡರಿನ ಹೆಸರು ಅನ್ನುತ್ತದೆ. ಮಂಜುನಾಥ 'ಮಂಜು' ಆಗುತ್ತಾನೆ, ಶ್ರೀನಿವಾಸ 'ಶ್ರೀನಿ' ಆಗುತ್ತಾನೆ. ಅಮ್ಮ ಕರೆದ ಹಾಗೇ ಇದೆ ಅಲ್ವಾ? ಆದರೆ ವೆಂಕಟೇಶ 'ವೆಂಕ' ಆಗುತ್ತಾನೆ. ನನ್ನ ಫೋಲ್ಡರ್ ನನ್ನ ಹೆಸರಲ್ಲೇ ಇರುತ್ತದೆ ಅಂತ ಊಹಿಸಿ ಸ್ಕ್ರಿಪ್ಟ್ ಬರೆಯುವವರು ಮೊದಲು ಒಮ್ಮೆ ಅಲ್ಲಿ ಹೋಗಿ ನೋಡುವುದು ಒಳ್ಳೆಯದು.

ನಮ್ಮ ಕಡೆ ಇನಿಷಿಯಲ್ ಬೇರೆ. ಹೆಸರಿನ ಹಿಂದೆ ಮುಂದೆ ಒಂದೊಂದು ಅಕ್ಷರ, ನಡುವೆ ಖಾಲಿ ಜಾಗ. ಪಾತ್‌ಗೆ ಆಚೆ ಈಚೆ ಕೋಟ್ ಚಿಹ್ನೆ (" ") ಹಾಕದೆ ಬರೆದ ಸ್ಕ್ರಿಪ್ಟ್ ಆ ಖಾಲಿ ಜಾಗಕ್ಕೆ ಬಂದು, ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತದೆ. ಇದು ಸಣ್ಣ ಊರಿನ ಸಣ್ಣ ಸ್ಕ್ರಿಪ್ಟಿನ ಪಾಡು ಮಾತ್ರ ಅಲ್ಲ. 2001ರ ನವೆಂಬರಿನಲ್ಲಿ ಆಪಲ್‌ನ ಐಟ್ಯೂನ್ಸ್ 2 ಬಂದಾಗ, ಅದರ ಇನ್‌ಸ್ಟಾಲರ್ ಒಳಗಿದ್ದ ಸ್ಕ್ರಿಪ್ಟ್ ಹಳೆಯ ಐಟ್ಯೂನ್ಸ್ ಅಳಿಸಲು ಹೋಗಿ ಕೆಲವರ ಡಿಸ್ಕನ್ನೇ ಅಳಿಸಿತು. ಕಾರಣ ಡಿಸ್ಕಿನ ಹೆಸರಲ್ಲಿದ್ದ ಸ್ಪೇಸ್, ಪಾತ್‌ಗೆ ಇಲ್ಲದ ಎರಡು ಕೋಟ್ ಚಿಹ್ನೆ. ಆಪಲ್ ಅದನ್ನು ಬೇಗನೆ ಹಿಂದಕ್ಕೆ ತೆಗೆದುಕೊಂಡು 2.0.1 ಬಿಟ್ಟಿತು. ಡಿಸ್ಕ್ ಕಳೆದುಕೊಂಡವರಿಗೆ ಅದರಿಂದ ಏನು ಬಂತು?

ಕನ್ನಡದಲ್ಲೇ ಯೂಸರ್ ಹೆಸರು ಇಟ್ಟುಕೊಳ್ಳಬೇಕು ಅಂತ ನನಗೆ ಬಹಳ ಆಸೆ. ಒಮ್ಮೆ ಇಟ್ಟೆ ಕೂಡ. ಹಳೆಯ ಎರಡು ಟೂಲುಗಳು ಆ ಪಾತ್ ಓದಲಾಗದೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ತೋರಿಸಿ ಮಲಗಿದವು. ಇದರಲ್ಲಿ ನನ್ನ ತಪ್ಪೇನೂ ಇಲ್ಲ, ಬರೆದವರದ್ದೇ ತಪ್ಪು ಅಂತ ನಾನು ಇವತ್ತಿಗೂ ವಾದ ಮಾಡುತ್ತೇನೆ. ಆದರೂ ಕೆಲಸ ಆಗಬೇಕಲ್ಲ, ಇಂಗ್ಲಿಷಿಗೆ ಬದಲಿಸಿದೆ.

ಈಗ ಹೇಳಬೇಕಾದ ಮಾತು. "ಪೂರ್ತಿ ಪಾತ್ ಬೇಡ, ಬರೀ ಫೈಲಿನ ಹೆಸರು ಬರೆಯಿರಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಅರ್ಧ ಸತ್ಯ. ಬರೀ ಹೆಸರು ಬರೆದರೆ, ಸ್ಕ್ರಿಪ್ಟ್ ಓಡುವಾಗ ಯಾವ ಫೋಲ್ಡರಿನಲ್ಲಿ ನಿಂತಿದೆಯೋ ಅಲ್ಲಿ ಹುಡುಕುತ್ತದೆ. ನೀವು ಕೈಯಿಂದ ಓಡಿಸಿದಾಗ ಅದು ನಿಮ್ಮ ಫೋಲ್ಡರ್. ರಾತ್ರಿ ತಾನಾಗಿ ಓಡಲಿ ಅಂತ ವಿಂಡೋಸಿನ ಟಾಸ್ಕ್ ಶೆಡ್ಯೂಲರಿಗೆ ಒಪ್ಪಿಸಿದಿರಿ ಅಂತಿಟ್ಟುಕೊಳ್ಳಿ. ಎಲ್ಲಿಂದ ಶುರುಮಾಡಬೇಕು ಅಂತ ಹೇಳದಿದ್ದರೆ ಅದು ವಿಂಡೋಸಿನ ಸ್ವಂತ ಫೈಲುಗಳಿರುವ ಸಿಸ್ಟಮ್32 ಫೋಲ್ಡರಿನಲ್ಲಿ ನಿಂತು ನಿಮ್ಮ ರೇಟ್ ಲಿಸ್ಟ್ ಹುಡುಕುತ್ತದೆ! ಇದೇ ಕೆಲಸ ಮಾಡುವ ಲಿನಕ್ಸಿನ ಕ್ರಾನ್ ಆದರೆ ಮನೆ ಬಾಗಿಲಲ್ಲಿ ನಿಂತಿರುತ್ತದೆ. 'ನಮ್ಮನೆ' ಅನ್ನುವುದಕ್ಕೂ ಇಲ್ಲಿ ಒಂದು ತಕರಾರಿದೆ. ಕೆಲಸವನ್ನು ಸಿಸ್ಟಮ್ ಅನ್ನುವ ಖಾತೆಯಿಂದ ಓಡಿಸಿದರೆ ಅದರ 'ನಮ್ಮನೆ' ವಿಂಡೋಸ್ ಫೋಲ್ಡರಿನ ಒಳಗೆಲ್ಲೋ ಇರುತ್ತದೆ, ನಿಮ್ಮದಲ್ಲ. ಮಾತಾಡುವವರು ಬದಲಾದರು ನೋಡಿ.

ಹಾಗಾಗಿ ಸ್ಕ್ರಿಪ್ಟ್‌ನ ಜೊತೆಗೇ ಸಾಗುವ ಫೈಲುಗಳಿಗೆ ನಾನು ಮೂರನೆಯ ದಾರಿ ಹಿಡಿದಿದ್ದೇನೆ. ಸ್ಕ್ರಿಪ್ಟ್ ತಾನು ಎಲ್ಲಿದ್ದೇನೆ ಅಂತ ತಾನೇ ನೋಡಿಕೊಂಡು ಅಲ್ಲಿಂದ ಲೆಕ್ಕ ಹಾಕಬೇಕು. ಪೈಥಾನ್‌ನಲ್ಲಿ ಇದಕ್ಕೆ 'ಫೈಲ್' ಅನ್ನುವ ಪದ, ಎರಡೂ ಬದಿ ಜೋಡಿ ಅಂಡರ್‌ಸ್ಕೋರ್. ವಿಂಡೋಸ್ ಆದೇಶಗಳನ್ನು ಸಾಲಾಗಿ ಬರೆದಿಡುವ ಬ್ಯಾಚ್ ಫೈಲಿನಲ್ಲಿ ಪರ್ಸೆಂಟ್, ಅಲೆ, ಡಿ, ಪಿ, ಸೊನ್ನೆ. ಓದಲು ಬೀಜಮಂತ್ರದ ಹಾಗಿದೆ, ಅರ್ಥ ಮಾತ್ರ ಸರಳ: ಸೊನ್ನೆ ಅಂದರೆ ಈ ಫೈಲೇ, ಡಿ ಅಂದರೆ ಅದರ ಡ್ರೈವ್, ಪಿ ಅಂದರೆ ಅದರ ಪಾತ್. ಎಕ್ಸೆಲ್ ಮ್ಯಾಕ್ರೋದಲ್ಲಿ 'ದಿಸ್‌ವರ್ಕ್‌ಬುಕ್ ಡಾಟ್ ಪಾತ್'. ಆದರೆ ಹುಷಾರು, ವರ್ಕ್‌ಬುಕ್ ಒನ್‌ಡ್ರೈವಿನಲ್ಲಿದ್ದರೆ ಇದು ಸಿ ಡ್ರೈವ್ ಅನ್ನುವ ಬದಲು ವೆಬ್ ವಿಳಾಸ ಕೊಟ್ಟುಬಿಡುತ್ತದೆ. ಇದರಲ್ಲಿ ನನ್ನ ಒಂದು ಪೂರ್ತಿ ಶನಿವಾರ ಹೋಗಿದೆ.

ಬೇರೆಲ್ಲೋ ಇರುವ ಫೋಲ್ಡರ್ ಬೇಕೇ ಬೇಕು ಅಂದರೆ ಅದನ್ನು ಸ್ಕ್ರಿಪ್ಟ್ ಹೊರಗೆ ಒಂದು ಸಣ್ಣ ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದಿಡುತ್ತೇನೆ. ಹನ್ನೊಂದು ಕಡೆ ಅಲ್ಲ, ಒಂದೇ ಕಡೆ. ಸ್ಕ್ರಿಪ್ಟ್ ಶುರುವಾದ ಕೂಡಲೇ ಫೋಲ್ಡರ್ ಇದೆಯಾ, ಫೈಲಿನ ತಾರೀಖು ಇತ್ತೀಚಿನದಾ ಅಂತ ನೋಡುತ್ತದೆ. ಅಲ್ಲ ಅನ್ನಿಸಿದರೆ ಅಲ್ಲೇ ನಿಂತು ಕೂಗುತ್ತದೆ. ಗದಗಿನ ಡೀಲರಿಗೆ ಮೊದಲು ಗೊತ್ತಾಗುವ ಹಾಗಿರಬಾರದು.

ಈ ನೋಡಿಕೊಳ್ಳುವ ಕೆಲಸ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 2015ರ ಜನವರಿಯ ಸ್ಟೀಮ್ ಪ್ರಕರಣ ಇದೆ. ಲಿನಕ್ಸ್‌ನಲ್ಲಿ ಗೇಮ್ ಆಡಿಸುವ ಆ ಪ್ರೋಗ್ರಾಮಿನ ಸ್ಕ್ರಿಪ್ಟ್ ಬರೆದವರು ಪಾತ್ ಹಾರ್ಡ್‌ಕೋಡ್ ಮಾಡಿರಲಿಲ್ಲ. ಸ್ಕ್ರಿಪ್ಟ್ ತನ್ನ ಜಾಗವನ್ನು ತಾನೇ ಹುಡುಕುತ್ತಿತ್ತು, ನಾನು ಮೇಲೆ ಹೊಗಳಿದ ಹಾಗೇ. ಒಬ್ಬರು ತಮ್ಮ ಸ್ಟೀಮ್ ಫೋಲ್ಡರನ್ನು ಬೇರೆ ಕಡೆ ಸಾಗಿಸಿದ್ದರು. ಹುಡುಕಾಟ ಸೋತು ಉತ್ತರ ಖಾಲಿ ಬಂತು. 'ಆ ಫೋಲ್ಡರಿನ ಕೆಳಗಿರುವುದೆಲ್ಲ ಅಳಿಸು' ಅನ್ನುವ ಸಾಲಿನಲ್ಲಿ ಫೋಲ್ಡರಿನ ಹೆಸರೇ ಇಲ್ಲದೆ, ಕಂಪ್ಯೂಟರಿನ ಬುಡದಿಂದಲೇ ಅಳಿಸುತ್ತಾ ಬಂತು. ಬ್ಯಾಕಪ್ ಅಂತ ಸಿಕ್ಕಿಸಿದ್ದ ಹೊರಗಿನ ಡ್ರೈವ್ ಕೂಡ ಹೋಯಿತು. ಆ ಸಾಲಿನ ಪಕ್ಕ ಪ್ರೋಗ್ರಾಮರ್ ಒಂದು ಟಿಪ್ಪಣಿ ಬರೆದಿದ್ದರು, ಇದು ಭಯ ಹುಟ್ಟಿಸುತ್ತದೆ ಅಂತ. ಭಯ ಆದವರು ಒಂದು ಸಾಲಿನ ಚೆಕ್ ಹಾಕಬಾರದಿತ್ತೇ?

ಒಂದು ಬಾರಿ ಓಡಿಸಿ ಎಸೆಯುವ ಸ್ಕ್ರಿಪ್ಟಿಗೆ ಇಷ್ಟೆಲ್ಲ ಬೇಕಾ ಅಂತ ಕೇಳಬಹುದು. ಬೇಡ. ಆದರೆ ಎಸೆಯುವ ಸ್ಕ್ರಿಪ್ಟ್ ಅಂತ ಬರೆದದ್ದನ್ನು ಯಾರಾದರೂ ನಿಜವಾಗಿ ಎಸೆದದ್ದು ನಾನು ನೋಡಿಲ್ಲ. ಸರ್ ಅವರ ಫೋಲ್ಡರಿನ ಹೆಸರು 'ಫೈನಲ್' ಅಂತಲೇ ಇತ್ತು.

ಇಂಜಿನಿಯರಿಂಗ್ ಓದುವ ನನ್ನ ತಮ್ಮನ ಪ್ರಾಜೆಕ್ಟ್ ಮೊನ್ನೆ ನೋಡಿದೆ. ನಾಲ್ಕು ಹುಡುಗರು ಸೇರಿ ಮಾಡಿದ್ದು. ನಾಲ್ಕು ಫೈಲಿನಲ್ಲಿ ನಾಲ್ಕು ಜನರ ಲ್ಯಾಪ್‌ಟಾಪಿನ ಪಾತ್. ಒಬ್ಬನದು ಪಾಪ ಶುರುವಿನಲ್ಲೇ ನಿಂತಿತ್ತು. ಬ್ಯಾಕ್‌ಸ್ಲ್ಯಾಶ್ ಪಕ್ಕದಲ್ಲಿ 'ಯೂಸರ್ಸ್'ನ ದೊಡ್ಡ ಯು ಅಕ್ಷರ ಬಂದರೆ ಪೈಥಾನ್ ಅದನ್ನು ಯುನಿಕೋಡ್ ಸಂಕೇತ ಅಂದುಕೊಂಡು, ಮುಂದೆ ಎಂಟು ಅಂಕಿ ಎಲ್ಲಿ ಅಂತ ಜಗಳ ತೆಗೆಯುತ್ತದೆ. ಪಾತ್ ಅನ್ನು ಕೈಯಲ್ಲಿ ಬರೆಯಬೇಡಪ್ಪಾ ಅಂತ ಭಾಷೆಯೇ ಬೇಡಿಕೊಂಡ ಹಾಗಿದೆ. "ಡೆಮೊ ಯಾರ ಲ್ಯಾಪ್‌ಟಾಪಲ್ಲಿ ಕೊಡ್ತೀರೋ?" ಅಂದೆ. ನಾಲ್ವರೂ ಲ್ಯಾಪ್‌ಟಾಪ್ ತರುತ್ತಾರಂತೆ, ಒಬ್ಬೊಬ್ಬರು ಒಂದೊಂದು ಭಾಗ ಓಡಿಸುತ್ತಾರಂತೆ. ಮಾರ್ಕ್ಸ್ ಬಂದವು ಅನ್ನುವುದು ಬೇರೆ ಮಾತು.

ಹೋದ ತಿಂಗಳು ಸ್ಟಾಕ್ ರಿಪೋರ್ಟಿನ ಹನ್ನೊಂದೂ ಪಾತ್‌ಗಳನ್ನು ತೆಗೆದೆ. ಎರಡು ವಾರ ಬೇರೆ ಬೇರೆ ಲಾಗಿನ್‌ಗಳಿಂದ ಓಡಿಸಿ ನೋಡಿದೆವು. ಸರಿ ಬಂತು. ಸಿಸ್ಟಮ್ ಹುಡುಗ ಖುಷಿಯಿಂದ ಎಲ್ಲ ಕಂಪ್ಯೂಟರಿನಿಂದಲೂ ಸರ್ ಹೆಸರನ್ನು ತೆಗೆದುಹಾಕಿದ. ನನಗೆ ಸ್ವಲ್ಪ ಬೇಜಾರೂ ಆಯಿತು. ಅವರನ್ನು ನಾನು ಒಮ್ಮೆಯೂ ನೋಡಿಲ್ಲ, ಆದರೂ ದಿನಾ ಅವರ ಹೆಸರು ಟೈಪ್ ಮಾಡಿ ಒಳಗೆ ಹೋದವಳು.

ಮರುದಿನ ಬೆಳಿಗ್ಗೆ ಗೋಡೌನಿನಿಂದ ಫೋನ್ ಬಂತು. "ಅಕ್ಕಾರ, ಸರ್ ಲಾಗಿನ್ ತಗದೀರೇನು? ಇಲ್ಲಿ ಬಾರ್‌ಕೋಡ್ ಲೇಬಲ್ ಒಂದೂ ಬರವಲ್ದು."