ಒಬ್ಬರೇ ಎರಡೂ ಕೆಲಸ ಮಾಡಬೇಕಾದರೆ
ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಎರಡೂ ಬಲ್ಲ ಒಬ್ಬ ಮೇಂಟೆನೆನ್ಸ್ ಕೆಲಸಗಾರರಿದ್ದರೆ ಕಂಪನಿಗೆ ಒಂದು ಸಂಬಳ ಉಳಿಯುತ್ತದೆ ಎಂದು ಬರೆದಿದ್ದೀರಿ. ನಿಜವಾದ ಲಾಭ ಬೇರೆ ಇದೆ. ನಾನು ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಮೇಂಟೆನೆನ್ಸ್ ಕೆಲಸದಲ್ಲಿದ್ದೇನೆ. ಮೋಟಾರು ಓವರ್‌ಲೋಡ್ ಆಗಿ ಟ್ರಿಪ್ ಆಯಿತು, ಅಂದರೆ ತಾನಾಗಿ ಆಫ್ ಆಯಿತು ಅನ್ನಿ. ಮೂರು ಫೇಸ್‌ಗಳಲ್ಲಿ (ಕರೆಂಟ್ ಲೈನ್‌ಗಳಲ್ಲಿ) ಒಂದು ಹೋಗಿರಬಹುದು, ಬೇರಿಂಗ್ ಜಾಮ್ ಆಗಿರಬಹುದು, ಮೋಟಾರನ್ನು ಯಂತ್ರಕ್ಕೆ ಜೋಡಿಸುವ ಕಪ್ಲಿಂಗ್‌ನ ಅಲೈನ್‌ಮೆಂಟ್ ತಪ್ಪಿರಬಹುದು. ಎರಡೂ ಬಲ್ಲವರು ಫೇಸ್ ಚೆಕ್ ಮಾಡಿ, ಸಪ್ಲೈ ತೆಗೆದು, ಶಾಫ್ಟ್ ಕೈಯಿಂದ ತಿರುಗಿಸಿ ನೋಡಿ ಕಾರಣ ತಾವೇ ಹುಡುಕುತ್ತಾರೆ. ಇಲ್ಲದಿದ್ದರೆ ಫಿಟ್ಟರ್, ಎಲೆಕ್ಟ್ರಿಷಿಯನ್ ಒಬ್ಬರ ಮೇಲೊಬ್ಬರು ತಪ್ಪು ಹಾಕುತ್ತ ಸುಮ್ನೆ ಶಿಫ್ಟ್ ಮುಗಿಯುತ್ತದೆ.

ಆದರೆ ರಾತ್ರಿ ಪಾಳಿಗೆ ಒಬ್ಬರನ್ನೇ ಬಿಡುವುದು ತಪ್ಪು. ಮೇನ್ ಆಫ್ ಮಾಡಿದರೂ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ನ ಕೆಪಾಸಿಟರ್‌ನಲ್ಲಿ ಕೆಲವು ನಿಮಿಷ ಚಾರ್ಜ್ ಇರುತ್ತದೆ. ಒತ್ತಡದ ಎಣ್ಣೆ ಹಿಡಿದಿಡುವ ಹೈಡ್ರಾಲಿಕ್ ಅಕ್ಯುಮುಲೇಟರ್‌ನಲ್ಲಿ ಒತ್ತಡ ಹಾಗೇ ಇರುತ್ತದೆ. ಏನಾದರೂ ಆದರೆ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಬೇಕು, ಅಲ್ವಾ? ಐಟಿಐ ಮುಗಿಸಿ ಬರುವ ಹುಡುಗರಿಗೆ ಇದನ್ನೇ ಮೊದಲು ಕಲಿಸಬೇಕು.