ಹರಾಜಿಗೆ ಬಾರದ ಹೊದಿಕೆಗಳು

ಕೆನಡಾದ ಒಂಟಾರಿಯೋದ ನ್ಯೂ ಹ್ಯಾಂಬರ್ಗ್‌ನಲ್ಲಿ ಮೆನೊನೈಟ್ ಎಂಬ ಕ್ರೈಸ್ತ ಪಂಗಡದವರು ನಡೆಸುತ್ತಿದ್ದ ಕ್ವಿಲ್ಟ್ (ಬಟ್ಟೆಯ ಪದರ ಸೇರಿಸಿ ಹೊಲಿದ ಹೊದಿಕೆ) ಹರಾಜಿನ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ಖುಷಿಯಾಯ್ತು. ಆದರೆ ಲೇಖನದ ತುಂಬಾ ಯಾವುದು ಎಷ್ಟು ಡಾಲರಿಗೆ ಹೋಯಿತು ಅನ್ನೋದೇ ಇದೆ. ಹರಾಜಿಗೆ ಬಾರದ ಹೊದಿಕೆಗಳ ಮಾತೇ ಇಲ್ಲ.

ನಾನಿರೋದು ಪಕ್ಕದ ವಾಟರ್ಲೂನಲ್ಲಿ. ಒಂದು ಚಳಿಗಾಲ ನೆರೆಮನೆಯ ಅಜ್ಜಿ ತಮ್ಮ ಚರ್ಚಿಗೆ ಕರಕೊಂಡು ಹೋಗಿದ್ದರು. ಚೌಕಟ್ಟಿಗೆ ಬಿಗಿದ ಬಟ್ಟೆಯ ಸುತ್ತ ಏಳೆಂಟು ಹೆಂಗಸರು. ಹರಾಜಿನ ಕ್ವಿಲ್ಟಿಗೆ ಬೇಕಾದ ಸಣ್ಣ ಸಣ್ಣ ಹೊಲಿಗೆ ಈ ಹೊದಿಕೆಗಿಲ್ಲ; ದಪ್ಪ ದಾರವನ್ನು ಮೇಲಿನ ಬಟ್ಟೆ, ನಡುವಿನ ತುಂಬು, ಕೆಳಗಿನ ಬಟ್ಟೆ ಹೀಗೆ ಮೂರೂ ಪದರ ದಾಟಿಸಿ, ಮತ್ತೆ ಮೇಲೆ ತಂದು ಗಂಟು ಹಾಕಬೇಕು. ನನ್ನ ಮೊದಲ ಗಂಟು ಸಡಿಲಾಗಿತ್ತು. ಅಜ್ಜಿ ಮಾತಾಡದೆ ಕತ್ತರಿಸಿ ಮತ್ತೆ ಹಾಕಿಸಿದರು. ಈ ಹೊದಿಕೆಗಳು 1920ರಲ್ಲಿ ಶುರುವಾದ ಮೆನೊನೈಟ್ ಸೆಂಟ್ರಲ್ ಕಮಿಟಿ ಎಂಬ ಪರಿಹಾರ ಸಂಸ್ಥೆಯ ಮೂಲಕ ಸಿರಿಯಾ, ಉಕ್ರೇನಿನಂಥ ಕಡೆ ಮನೆಮಾರು ಕಳಕೊಂಡವರಿಗೆ ಹೋಗುತ್ತವೆ. ಯಾವ ಹೊದಿಕೆಯ ಮೇಲೂ ಹೊಲಿದವರ ಹೆಸರು ಕಾಣಲಿಲ್ಲ.

ನಮ್ಮದು ಗದಗ ಕಡೆ. ಅವ್ವ ಹಳೇ ಸೀರೆ ಹಾಸಿ ಕೌದಿ ಹೊಲಿಯುವಾಗ ಓಣಿಯ ಹೆಂಗಸರೂ ಒಂದೊಂದು ಮೂಲೆ ಹಿಡಿದು ಕೂರುತ್ತಿದ್ದರು. ಆ ಚರ್ಚಿನಲ್ಲಿ ಕೂತಾಗ ಅದೇ ನೆನಪು. ದಯವಿಟ್ಟು ಈ ಗಂಟು ಹಾಕುವವರ ಬಗ್ಗೆಯೂ ಒಮ್ಮೆ ಬರೆಯಿರಿ.