ಖಾಲಿ ಮಹಜರಿಗೆ ನಾನೂ ಸೈನ್ ಹಾಕಿದೀನಿ

ಸಿನಿಮಾ ನೋಡಿ ನೋಡಿ ನಮ್ಗೆಲ್ಲ ಒಂದ್ ಡೈಲಾಗ್ ಬಾಯಿಪಾಠ ಆಗಿದೆ, "ವಾರಂಟ್ ಇದ್ಯಾ?" ಹೋದ್ ವರ್ಷ ನಮ್ ಬಿಲ್ಡಿಂಗಲ್ಲಿ ಮೂರನೇ ಫ್ಲೋರ್ ಬ್ಯಾಚುಲರ್ ಹುಡುಗ್ರ ಮನೆಗೆ ರಾತ್ರಿ ಹತ್ತೂವರೆಗೆ ಪೊಲೀಸ್ರು ಬಂದಾಗ ಅದ್ರಲ್ಲೊಬ್ಬ ಇದ್ನೇ ಕೇಳ್ದ, ಬಂದ ಉತ್ರ "ಏಯ್ ಸುಮ್ನೆ ಆಚೆ ನಿಂತ್ಕೊಳೋ". ಮೂರೂ ಜನಾನ ಮೆಟ್ಟಿಲ ಮೇಲೆ ಕೂರಿಸಿ ಒಳಗೆ ಬೀರು, ಸೂಟ್‌ಕೇಸು, ಅಕ್ಕಿ ಡಬ್ಬಾನೂ ಬಿಡದೆ ಸುರಿದು ಹುಡುಕಿದ್ರು.

ಕೇಳ್ಬೇಕಿದ್ದ ಪ್ರಶ್ನೆನೇ ಬೇರೆ ಕಣ್ರೀ. ಕೇಸ್ ತನಿಖೆ ನಡೀತಿದ್ದು, ವಾರಂಟ್ ತರೋಷ್ಟರಲ್ಲಿ ಮಾಲು ಕೈತಪ್ಪತ್ತೆ ಅನ್ಸಿದ್ರೆ ವಾರಂಟ್ ಇಲ್ದೇನೂ ಮನೆ ಹುಡುಕ್ಬಹುದು, ನಿಮ್ ಒಪ್ಪಿಗೆ ಯಾರಿಗೂ ಬೇಕಿಲ್ಲ. ಕೇಸ್ ಹೇಗೆ ನಡೆಸ್ಬೇಕು ಅನ್ನೋ ಹಳೇ ಕಾನೂನು ಸಿಆರ್‌ಪಿಸಿಲಿ ಇದು ಸೆಕ್ಷನ್ 165, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದಿರೋ ಬಿಎನ್‌ಎಸ್‌ಎಸ್‌ನಲ್ಲಿ 185. ಆದ್ರೆ ಯಾಕೆ, ಏನ್ ಹುಡುಕ್ತಿದೀವಿ ಅಂತ ಮೊದ್ಲೇ ಕೇಸ್ ಡೈರಿಲಿ ಬರೀಬೇಕು, ಹುಡುಕೋದನ್ನ ವಿಡಿಯೋ ಮಾಡ್ಬೇಕು, ಬರೆದಿದ್ದರ ಕಾಪಿ 48 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್‌ಗೆ ಹೋಗ್ಬೇಕು, ಅರ್ಜಿ ಕೊಟ್ರೆ ಮನೆಯವ್ರಿಗೂ ಅದು ಫ್ರೀ. ಅದೇ ಹೊಸ ಕಾನೂನಿನ ಸೆಕ್ಷನ್ 103ರಲ್ಲಿ ಇನ್ನೂ ಇದೆ, ಮನೆಯವ್ರು ಎದುರಿಗೇ ನಿಂತು ನೋಡ್ಬಹುದು, ಏರಿಯಾದ ಇಬ್ರು ಮರ್ಯಾದಸ್ಥರು ಪಂಚರಾಗಿ, ಅಂದ್ರೆ ಸಾಕ್ಷಿಗಳಾಗಿ ಇರ್ಬೇಕು, ತಗೊಂಡ ಸಾಮಾನಿನ ಪಟ್ಟಿ ಬರೆದು ಒಂದ್ ಕಾಪಿ ಅಲ್ಲೇ ಮನೆಯವ್ರ ಕೈಗೆ. ಹೆಣ್ಮಕ್ಕಳ ಮೈ ತಪಾಸಣೆ ಮಾಡೋದಾದ್ರೆ ಹೆಂಗಸರೇ ಮಾಡ್ಬೇಕು.

ಪ್ರೈವಸಿ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ ಜನ ಜಡ್ಜುಗಳು ಹೇಳಿದ್ರಲ್ಲ, ಆ ಕೇಸ್ ಹಾಕಿದ್ದು ನಮ್ ಹೈಕೋರ್ಟಿನ ರಿಟೈರ್ಡ್ ಜಡ್ಜ್ ಪುಟ್ಟಸ್ವಾಮಿಯವ್ರೇ. ಹೆಮ್ಮೆ ಪಡೋಣ, ಆದ್ರೆ ಅದೇ ಕೋರ್ಟಿನ 1973ರ ಪೂರಣ್ ಮಲ್ ಕೇಸಿನ ತೀರ್ಪು ಇನ್ನೂ ಬದುಕಿದೆ, ಹುಡುಕಿದ ರೀತಿ ಕಾನೂನಿಗೆ ವಿರುದ್ಧ ಆದ್ರೂ ಸಿಕ್ಕ ಮಾಲನ್ನ ಅಷ್ಟಕ್ಕೇ ಸಾಕ್ಷಿ ಅಲ್ಲ ಅಂತ ಬಿಸಾಕೋ ಹಾಗಿಲ್ಲ. ಅದಕ್ಕೇ ನಂಗೆ ವಾರಂಟಿಗಿಂತ ಪಂಚರೇ ಮುಖ್ಯ ಅನ್ಸೋದು, ಒಳಗೆ ಏನ್ ಸಿಕ್ತು, ಏನ್ ಇಟ್ರು ಅಂತ ಹೇಳೋಕೆ ಪೊಲೀಸ್ರು, ಮನೆಯವ್ರನ್ನ ಬಿಟ್ರೆ ಇರೋರು ಅವ್ರಿಬ್ರೇ.

ಆವತ್ತು ಆ ಪಂಚ ನಾನೇ. ಊಟಕ್ಕೆ ಕೂತಿದ್ದೆ, ಕಾನ್ಸ್‌ಟೇಬಲ್ ಬಾಗ್ಲು ತಟ್ಟಿ "ಸರ್ ಒಂದ್ ಸೈನ್ ಹಾಕ್ಬಿಡಿ, ಫಾರ್ಮಾಲಿಟಿ ಅಷ್ಟೇ" ಅಂದ್ರು. ಏನ್ ಸಿಕ್ತು ಅಂತ ಬರೆದು ಪಂಚರ ಸೈನ್ ಹಾಕಿಸೋ ಮಹಜರು ಅದು, ಆದ್ರೆ ಬರೀ ಬಿಳೀ ಹಾಳೆ, ಕೆಳಗಡೆ 1, 2 ಅಂತ ನಂಬರ್ ಬಿಟ್ರೆ ಒಂದಕ್ಷರ ಇಲ್ಲ, 1ರ ಮುಂದೆ ಆಗ್ಲೇ ನಮ್ ಓನರ್ ಸೈನ್. ಎಡಗೈಲಿ ಹಾಳೆ ಹಿಡ್ಕೊಂಡು, ಬಲಗೈ ಸಾರು ಲುಂಗಿಗೆ ಒರೆಸ್ಕೊಂಡು ಹಾಕ್ದೆ. ಮೂರನೇ ಫ್ಲೋರ್ ಹತ್ತೇ ಇರ್ಲಿಲ್ಲ.

ಮಾರನೇ ದಿನ ಅದ್ರಲ್ಲೊಬ್ಬ ಹುಡುಗ ಗೇಟ್ ಹತ್ರ ಸಿಕ್ಕಿ, "ಅಂಕಲ್, ನೀವೇ ಸೈನ್ ಹಾಕಿದ್ದಂತಲ್ಲ, ನಮ್ಮನೇಲಿ ಏನ್ ಸಿಕ್ತು ಅಂತ ಬರ್ಕೊಂಡಿದಾರೆ?" ಅಂದ. ಗಾಡಿ ಸ್ಟಾರ್ಟ್ ಮಾಡ್ಕೊಂಡು ಹೊರಟ್ಬಿಟ್ಟೆ.